ಸೂಜಿ ಹೋದ ದಾರಿ

ನಾನು ರೋಗಿಗಳನ್ನು ನೋಡುವ ಡಾಕ್ಟರಲ್ಲ, ರೋಗಿಗಳ ಚೂರುಗಳನ್ನು ನೋಡುವ ಡಾಕ್ಟರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಹಾಸಿಗೆಬಟ್ಟೆ ಒಗೆಯುವ ಕೋಣೆಗೂ ಲಿಫ್ಟಿನ ಯಂತ್ರಕ್ಕೂ ನಡುವೆ ನನ್ನ ಲ್ಯಾಬ್ ಇದೆ. ಮೇಲಿನ ಮಹಡಿಗಳಲ್ಲಿ ಯಾರ ಮೈಯಿಂದ ಏನು ಕತ್ತರಿಸಿದರೂ ಅದು ಡಬ್ಬಿಯಲ್ಲಿ ಕೂತು ಕೆಳಗಿಳಿದು ಬರುತ್ತದೆ. ಅದನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹಾಸಿ, ಬಣ್ಣ ಹಾಕಿ ನನ್ನ ಮುಂದಿಡುತ್ತಾರೆ. ನಾನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಒಳ್ಳೆಯದೋ ಕೆಟ್ಟದ್ದೋ ಹೇಳುತ್ತೇನೆ. ರೋಗಿ ಗುಣವಾಗಿ ಮನೆಗೆ ಹೋಗುವಾಗ ಸರ್ಜನ್ನರ ಕೈ ಹಿಡಿದುಕೊಂಡು ಅಳುತ್ತಾನೆ. ನನಗೆ ಮುಂದಿನ ಡಬ್ಬಿ ಬರುತ್ತದೆ.

ಇದೇನೂ ದೂರಲ್ಲ. ಈ ನೆಲಮಾಳಿಗೆಯನ್ನು ನಾನೇ ಕೇಳಿ ಪಡೆದದ್ದು. ನನ್ನ ಮುಖದ ಎಡಗಡೆಗೆ ಜೀವವಿಲ್ಲ. ಎಂಟು ವರ್ಷದವಳಿದ್ದಾಗ ಎಡಕಿವಿಯ ಕೆಳಗೆ, ಜೊಲ್ಲು ಗ್ರಂಥಿಯಲ್ಲಿ ಒಂದು ಗಡ್ಡೆ ಎದ್ದಿತ್ತು. ಅದನ್ನು ತೆಗೆಯುವಾಗ ಮುಖವನ್ನು ಆಡಿಸುವ ನರವನ್ನೂ ತೆಗೆದರು. ಅಂದಿನಿಂದ ನಾನು ನಕ್ಕರೆ ಅರ್ಧ ಬಾಯಿ ಮಾತ್ರ ಮೇಲೇಳುತ್ತದೆ. ಎದುರಿಗಿದ್ದವರಿಗೆ ಅದು ನಗುವಿನಂತೆ ಕಾಣುವುದಿಲ್ಲ, ಅವರನ್ನು ಅಣಕಿಸಿದಂತೆ ಕಾಣುತ್ತದೆ. ಹಾಗಾಗಿ ನಗುವುದನ್ನೇ ಬಿಟ್ಟೆ. ನಗದ ಹೆಂಗಸನ್ನು ಜನ ಎರಡನೇ ಸಲ ಮಾತಾಡಿಸುವುದಿಲ್ಲ. ಮದುವೆಯ ಮಾತೂ ಒಂದೆರಡು ಸಲ ಬಂತು, ಹುಡುಗನ ಕಡೆಯವರು ಟೀ ಕುಡಿದು ಎದ್ದು ಹೋದರು. ಗಾಜಿನ ಮೇಲಿನ ಚೂರುಗಳಿಗೆ ನನ್ನ ಮುಖದ ಗೊಡವೆ ಇಲ್ಲ. ಅವುಗಳ ಜೊತೆ ನನಗೆ ಚೆನ್ನಾಗಿ ಹೊಂದಿಕೆಯಾಯಿತು.

ನಮ್ಮ ಮನೆಯಲ್ಲಿ ಆ ಗಡ್ಡೆಯ ಬಗ್ಗೆ ಒಂದೇ ಕತೆ ಇತ್ತು, ಅದನ್ನು ಹೇಳುವವಳು ಅಮ್ಮ. ಗಡ್ಡೆ ಏನೂ ಕೆಟ್ಟದ್ದಾಗಿರಲಿಲ್ಲ, ಡಾಕ್ಟರು ಸುಮ್ಮನೆ ಹೆದರಿಸಿದರು, ಇನ್ನೊಂದು ಕಡೆ ತೋರಿಸೋಣ ಎಂದು ಅಮ್ಮ ಗೋಗರೆದಳು, ಅಪ್ಪ ಕೇಳದೆ ನಿಂತ ನಿಲುವಿನಲ್ಲೇ ಸಹಿ ಹಾಕಿಬಿಟ್ಟರು. "ಕ್ಯಾನ್ಸರ್ ಆಗಿದ್ರೆ ಇವಳು ಇಷ್ಟು ದಿನ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡು ಇರ್ತಿದ್ಲಾ? ಆ ಪುಣ್ಯಾತ್ಮ ಒಂದು ದಿನ ತಡೆದಿದ್ರೆ ನನ್ನ ಮಗಳ ಮುಖ ಉಳೀತಿತ್ತು," ಎಂದು ಅಮ್ಮ ಬಂದವರಿಗೆಲ್ಲ ಹೇಳುವಳು. ಅಪ್ಪ ಗಡಿಯಾರ ರಿಪೇರಿ ಮಾಡುವವರು. ಎದುರಾಡುತ್ತಿರಲಿಲ್ಲ, ಎದ್ದು ಅಂಗಡಿಗೆ ಹೋಗುತ್ತಿದ್ದರು. ಆಪರೇಷನ್ ಆದ ಮೇಲೆ ಅಮ್ಮ ಅವರ ಜೊತೆ ಮಾತು ಬಿಟ್ಟಳು. ನಾನು ಕಾಲೇಜು ಸೇರಿದ ವರ್ಷ ಅಪ್ಪ ಅಂಗಡಿಯ ಮೇಲಿನ ಕೋಣೆಗೆ ತಮ್ಮ ಪೆಟ್ಟಿಗೆ ಸಾಗಿಸಿದರು. ಅಮ್ಮ ತೀರಿಕೊಂಡು ಕೆಲವು ವರ್ಷಗಳಾದರೂ ಅವರು ಅಲ್ಲೇ ಇದ್ದಾರೆ. ಭಾನುವಾರ ನಾನು ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ಔಷಧಿ, ಕರೆಂಟು, ಬಾಗಿಲ ಚಿಲಕ ಇಷ್ಟರ ಬಗ್ಗೆ ಮಾತಾಡುತ್ತೇವೆ.

ನಾನೂ ಅಮ್ಮನ ಕತೆಯನ್ನೇ ನಂಬಿದ್ದೆ. ನಂಬದಿದ್ದರೆ ಸಿಟ್ಟನ್ನು ಯಾರ ಮೇಲೆ ಮಾಡಲಿ? ನನಗೆ ಆಪರೇಷನ್ ಆದದ್ದು ಇದೇ ಆಸ್ಪತ್ರೆಯಲ್ಲಿ. ಇಲ್ಲಿ ಮಕ್ಕಳ ಗಡ್ಡೆಯ ಮೇಣದ ಬಿಲ್ಲೆಗಳನ್ನು ಎಸೆಯುವ ಪದ್ಧತಿ ಇಲ್ಲ, ಎಷ್ಟು ಹಳೆಯದಾದರೂ ಸ್ಟೋರಿನಲ್ಲಿ ಇರುತ್ತವೆ. ನನ್ನದೂ ಇರಲೇಬೇಕು. ನನ್ನ ಕುರ್ಚಿಯಿಂದ ನಾಲ್ಕು ಹೆಜ್ಜೆ ಆಚೆ ಸ್ಟೋರಿನ ಬಾಗಿಲು. ಕೆಲಸಕ್ಕೆ ಸೇರಿದಾಗಿನಿಂದ ಒಂದು ಸಲವೂ ನಾನು ಅದನ್ನು ಹುಡುಕಲಿಲ್ಲ. ಸಮಯ ಸಿಗಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಚಿನ್ನದಂಥ ಸುಳ್ಳು.

ಆ ಹುಡುಗಿ ಬಂದದ್ದು ಅವಳ ಅಪ್ಪನ ಜೊತೆ. ಒಂಬತ್ತು ವರ್ಷ ಇರಬಹುದು, ಎರಡು ಜಡೆ, ಒಂದು ಕ್ಷಣ ಬಾಯಿಗೆ ಬಿಡುವಿಲ್ಲ. ಮನಸ್ಸಿನಲ್ಲೇ ಮಾತಿನಮಲ್ಲಿ ಎಂದು ಹೆಸರಿಟ್ಟೆ. ಅಪ್ಪ ಬಸ್ ಡ್ರೈವರ್, ಡ್ಯೂಟಿಯ ಅಂಗಿಯಲ್ಲೇ ಬಂದಿದ್ದ. ಹುಡುಗಿಯ ಎಡಕಿವಿಯ ಕೆಳಗೆ ನೆಲ್ಲಿಕಾಯಿ ಗಾತ್ರದ ಗಟ್ಟಿ ಗಂಟು. ನೋವಿಲ್ಲ, ಜ್ವರವಿಲ್ಲ, ಕೆಲವು ತಿಂಗಳಿಂದ ನಿಧಾನವಾಗಿ ಬೆಳೆದಿದೆ. ಸೂಜಿ ಹಾಕಿ ಕೆಲವು ಜೀವಕೋಶಗಳನ್ನು ಎಳೆದು ನೋಡುವ ಕೆಲಸ ನನ್ನದೇ. ಜೀವವಿರುವ ಮನುಷ್ಯರು ನನ್ನ ಬಳಿಗೆ ಬರುವುದು ಅದೊಂದಕ್ಕೇ.

ಮಾತಿನಮಲ್ಲಿ ನನ್ನ ಮುಖವನ್ನು ನೆಟ್ಟ ನೋಟದಿಂದ ನೋಡಿದಳು. ದೊಡ್ಡವರು ಹಾಗೆ ನೋಡುವುದಿಲ್ಲ, ನನ್ನ ಹಣೆಯ ಜೊತೆ ಮಾತಾಡುತ್ತಾರೆ.

"ಆಂಟಿ, ನಿಮಗೂ ಇಲ್ಲೇ ಗಂಟಿತ್ತಾ?" ಎಂದು ತನ್ನ ಕಿವಿಯ ಕೆಳಗೆ ಬೆರಳಿಟ್ಟು ಕೇಳಿದಳು. ನನ್ನ ಗಾಯದ ಗೆರೆ ಕಂಡಿರಬೇಕು.

"ಇತ್ತು."

"ತೆಗೆದ್ರಾ?"

"ತೆಗೆದ್ರು."

"ನಗೋದನ್ನೂ ತೆಗೆದ್ಬಿಟ್ರಾ?"

"ಏಯ್, ಬಾಯ್ಮುಚ್ಚೇ!" ಎಂದ ಡ್ರೈವರ್. ಪಾಪ, ಅವನ ಮುಖ ಸುಟ್ಟ ಹಾಗಾಯಿತು. "ಬೇಜಾರ್ ಮಾಡ್ಕೋಬೇಡಿ ಮೇಡಂ, ಇದರ ನಾಲಿಗೆಗೆ ಬ್ರೇಕಿಲ್ಲ."

"ಇರಲಿ ಬಿಡಿ, ಸರಿಯಾಗೇ ಕೇಳಿದ್ಲು," ಎಂದೆ. ಅದಕ್ಕಿಂತ ಸರಿಯಾಗಿ ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ಸೂಜಿ ಹಾಕುವಾಗ ಅವಳು ಅಪ್ಪನ ಅಂಗಿಯ ಗುಂಡಿಯನ್ನು ಹಿಡಿದುಕೊಂಡಿದ್ದಳು. ಅಳಲಿಲ್ಲ, ಆದರೆ ಮಾತು ನಿಂತಿತು. ಸೂಜಿಯಲ್ಲಿ ಬಂದದ್ದು ಬರೀ ರಕ್ತ, ಅದರ ನಡುವೆ ಅಲ್ಲೊಂದು ಇಲ್ಲೊಂದು ಜೀವಕೋಶ. ನೋಡಿದರೆ ಸಾಧು ಗಡ್ಡೆಯಂತೆ, ಅಂದರೆ ಕ್ಯಾನ್ಸರ್ ಅಲ್ಲದ್ದರಂತೆ ಕಂಡಿತು. ಆದರೆ ಅಷ್ಟರಲ್ಲಿ ಏನನ್ನೂ ಖಚಿತವಾಗಿ ಹೇಳುವಂತಿರಲಿಲ್ಲ. 'ಬಹುಶಃ ನಿರುಪದ್ರವಿ, ಆದರೆ ಸಾಕಷ್ಟು ಚೂರು ಸಿಕ್ಕಿಲ್ಲ' ಎಂದು ಬರೆದು ಕಳಿಸಿದೆ. ನಮ್ಮ ವೃತ್ತಿಯಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ಬೇಕಾದಷ್ಟು ಪದಗಳಿವೆ.

ಮಕ್ಕಳಲ್ಲಿ ಈ ಗ್ರಂಥಿಯ ಗಡ್ಡೆಗಳೇ ಅಪರೂಪ. ಅದರಲ್ಲೂ ತೊಡಕೇನೆಂದರೆ, ದೊಡ್ಡವರಲ್ಲಿ ಅಲ್ಲಿ ಏನಾದರೂ ಎದ್ದರೆ ಅದು ಹೆಚ್ಚಾಗಿ ಸಾಧು. ಮಕ್ಕಳಲ್ಲಿ ಗಟ್ಟಿಯಾಗಿ ಎದ್ದರೆ ಕ್ಯಾನ್ಸರ್ ಆಗಿರುವ ಸಂಭವ ದೊಡ್ಡವರಿಗಿಂತ ಜಾಸ್ತಿ. ಅದಕ್ಕೇ ನಮ್ಮ ಸರ್ಜನ್ ಸುಮ್ಮನೆ ಕೂರಲಿಲ್ಲ. ಅವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೈ ಚುರುಕು, ಮನಸ್ಸೂ ಒಳ್ಳೆಯದು. ಕೆಲವು ವಾರ ಬಿಟ್ಟು ಹುಡುಗಿಯನ್ನು ನೋಡಿದಾಗ ಗಂಟು ಊದಿಕೊಂಡು ನೋಯುತ್ತಿತ್ತು. ಅವರು ದಪ್ಪ ಸೂಜಿ ಹಾಕಿ, ಬೆಂಕಿಕಡ್ಡಿಯ ತುಂಡಿನಂಥ ಒಂದು ಚೂರು ತೆಗೆದು ಕೆಳಗೆ ಕಳಿಸಿದರು.

ಆ ಚೂರನ್ನು ಮೊದಲು ನೋಡಿದವರು ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬ ಡಾಕ್ಟರು. ಅವರು ನಿಧಾನಸ್ಥ, ಬಾಯಿಗೆ ಬಂದಂತೆ ಮಾತಾಡುವವರಲ್ಲ. ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, "ಇದು ಕ್ಯಾನ್ಸರ್," ಎಂದರು.

ನಾನು ಕಣ್ಣಿಟ್ಟೆ. ಅವರು ಹಾಗೆ ಹೇಳಲು ಬೇಕಾದದ್ದೆಲ್ಲ ಅಲ್ಲಿತ್ತು. ಸತ್ತುಹೋದ ಭಾಗಗಳು, ಒತ್ತೊತ್ತಾಗಿ ಗೂಡು ಕಟ್ಟಿದ ಜೀವಕೋಶಗಳು, ಭರದಿಂದ ಒಡೆದು ಎರಡಾಗುತ್ತಿರುವವು. ಪುಸ್ತಕದಲ್ಲಿ ಕ್ಯಾನ್ಸರಿಗೆ ಕೊಟ್ಟ ಚಿತ್ರವನ್ನೇ ತಂದಿಟ್ಟಂತಿತ್ತು. ಆದರೆ ಗಾಜನ್ನು ಅತ್ತಿತ್ತ ಸರಿಸುತ್ತ ಹೋದಂತೆ ಬೇರೆಯದೂ ಕಾಣತೊಡಗಿತು. ಚೂರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದು ಸೀದಾ ಗೆರೆ, ಅದರ ಉದ್ದಕ್ಕೂ ತುಕ್ಕಿನ ಬಣ್ಣ. ಹಳೆಯ ರಕ್ತವನ್ನು ಮೈ ಗುಡಿಸಿ ಎತ್ತುವಾಗ ಬಿಡುವ ಬಣ್ಣ ಅದು. ಕೆಟ್ಟದ್ದಾಗಿ ಕಂಡ ಗೂಡುಗಳೆಲ್ಲ ಆ ಗೆರೆಯ ಅಕ್ಕಪಕ್ಕದಲ್ಲೇ ಇದ್ದವು. ಚೂರಿನ ತುದಿಯಲ್ಲಿ, ಗೆರೆಯಿಂದ ದೂರದಲ್ಲಿ, ತಿಳಿ ನೀಲಿಯ ಲೋಳೆಯಂಥ ಒಂದು ಅಂಚು ಉಳಿದಿತ್ತು. ಸಾಧು ಗಡ್ಡೆಯಲ್ಲಿ ಇರುವಂಥದ್ದು.

ಆ ಗೆರೆ ನನ್ನದು. ನಾನು ಹಾಕಿದ ಸೂಜಿ ಹೋದ ದಾರಿ. ಸೂಜಿಯಿಂದ ಗಡ್ಡೆಯೊಳಗೆ ರಕ್ತ ಸುರಿದು, ಒಂದು ಭಾಗ ಸತ್ತು, ಸತ್ತ ಜಾಗವನ್ನು ತುಂಬಲು ಮೈ ಅವಸರದಲ್ಲಿ ಹೊಸ ಜೀವಕೋಶ ಹುಟ್ಟಿಸಿದೆ. ಅವಸರದಲ್ಲಿ ಹುಟ್ಟಿದ್ದಕ್ಕೆ ಅವು ಕೆಟ್ಟವುಗಳಂತೆ ಕಾಣುತ್ತಿವೆ. ಸಾಧು ಗಡ್ಡೆಗೆ ನಾನೇ ಕ್ಯಾನ್ಸರಿನ ವೇಷ ತೊಡಿಸಿದ್ದೆ. ನಮ್ಮ ಕಸುಬಿನವರಲ್ಲದೆ ಬೇರೆ ಯಾರೂ ಮಾಡಲಾಗದ ಎಡವಟ್ಟು ಇದು.

ಸರ್ಜನ್ ಕೆಳಗೆ ಬಂದರು. ಲ್ಯಾಬಿನ ಸ್ಟೂಲಿನ ಮೇಲೆ ಕೂತು ಇಬ್ಬರ ಮಾತನ್ನೂ ಕೇಳಿದರು.

"ನನಗೆ ಒಂದೇ ಗೊತ್ತಾಗ್ಬೇಕು ಮೇಡಂ," ಎಂದರು. "ಗಡ್ಡೆ ಮುಖದ ನರಕ್ಕೆ ಒತ್ತಿಕೊಂಡು ಕೂತಿದೆ. ಸಾಧು ಅಂದ್ರೆ ನಾನು ನಿಧಾನಕ್ಕೆ ನರ ಬಿಡಿಸ್ಕೊಳ್ತೀನಿ, ಮಗು ಮುಖ ಉಳಿಯುತ್ತೆ. ಕ್ಯಾನ್ಸರ್ ಅಂದ್ರೆ ನರನೂ ಸೇರಿಸಿ ತೆಗೀಬೇಕು. ಉಳಿಸೋಕೆ ಹೋಗಿ ಬೀಜ ಬಿಟ್ಟು ಬಂದ್ರೆ ಮಗೂನೇ ಉಳಿಯಲ್ಲ."

"ಸಾಧು," ಎಂದೆ.

"ಕ್ಯಾನ್ಸರ್," ಎಂದರು ನನ್ನ ಜೊತೆಯವರು, ಸಂಕೋಚದಿಂದಲೇ. ದೊಡ್ಡ ಪ್ರಯೋಗಾಲಯಕ್ಕೆ ಕಳಿಸೋಣವೆಂದರೆ ಚೂರು ಅಷ್ಟು ಉಳಿದಿರಲಿಲ್ಲ. ಇನ್ನೊಮ್ಮೆ ಚುಚ್ಚಿದರೆ ಇನ್ನಷ್ಟು ಕಲಸುಮೇಲೋಗರ.

ಜೊತೆಯವರು ಹೊರಗೆ ಹೋದ ಮೇಲೆ ಸರ್ಜನ್ ದನಿ ತಗ್ಗಿಸಿದರು. "ಕೋಪ ಮಾಡ್ಕೋಬೇಡಿ. ಇದು ಕ್ಯಾನ್ಸರ್ ಆಗೋದು ನಿಮಗೆ ಬೇಡ. ನನಗೂ ಬೇಡ. ಆದ್ರೆ ನಿಮ್ಮ 'ಬೇಡ' ಇದೆಯಲ್ಲ, ಅದಕ್ಕೆ ಬೇರೆ ಕಾರಣ ಇದೆ. ನಿಮ್ಮ ಕಣ್ಣಿನ ಮೇಲೆ ನನಗೆ ಯಾವತ್ತೂ ಅನುಮಾನ ಬಂದಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ..."

"ಹೊರಗೆ ನಡೀರಿ," ಎಂದೆ.

ಅವರು ಹೋದರು. ನಾನು ಕ್ಯಾಂಟೀನಿಗೆ ಹೋಗಿ, ಯಾವಾಗಲೂ ಕೂರುವ ಗೋಡೆ ಕಡೆಯ ಕುರ್ಚಿಯಲ್ಲಿ ಕೂತು, ಮನಸ್ಸಿನಲ್ಲೇ ಅವರ ಜನ್ಮ ಜಾಲಾಡಿದೆ. ಬೈಗುಳ ಮುಗಿದ ಮೇಲೆ ಉಳಿದದ್ದು ಭಯ. ಅವರು ಹೇಳಿದ್ದು ನಿಜವೇ ಆಗಿದ್ದರೆ? ಆ ನೀಲಿ ಅಂಚು, ಆ ಸೀದಾ ಗೆರೆ, ಇವೆಲ್ಲ ಅಲ್ಲಿ ಇರುವುದಕ್ಕೆ ನನಗೆ ಕಂಡವೋ, ನನಗೆ ಬೇಕಾಗಿರುವುದಕ್ಕೆ ಕಂಡವೋ? ಇಷ್ಟು ವರ್ಷ ಕಣ್ಣೊಂದನ್ನೇ ನೆಚ್ಚಿಕೊಂಡು ಬದುಕಿದವಳು ನಾನು. ಅದೂ ನನ್ನ ಕಡೆ ಇಲ್ಲವೆಂದರೆ ನನಗೆ ಬೇರೆ ಯಾರಿದ್ದಾರೆ? ಇದನ್ನು ಕೇಳಲು ಫೋನ್ ಮಾಡಬಹುದಾದ ಒಬ್ಬರ ಹೆಸರೂ ತೋಚಲಿಲ್ಲ. ಅಷ್ಟು ಒಂಟಿ ನಾನು ಯಾವತ್ತೂ ಆಗಿರಲಿಲ್ಲ. ಅಥವಾ ಆಗಿದ್ದೆ, ಕೂತು ಲೆಕ್ಕ ಹಾಕಿರಲಿಲ್ಲ ಅಷ್ಟೇ.

ಮಾರನೆಯ ದಿನ ಬೆಳಿಗ್ಗೆ ನಮ್ಮ ಲ್ಯಾಬಿನ ಟೆಕ್ನಿಶಿಯನ್ ಅನ್ನು ಕರೆದೆ. ಮೇಣ ಸೀಳಿ ಗಾಜಿಗೆ ಹಾಸುವ ಕೆಲಸ ಅವರದು. ಎಲ್ಲರೂ ಅಕ್ಕ ಎನ್ನುತ್ತೇವೆ. ಗೊಣಗುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

"ಅಕ್ಕ, ಸ್ಟೋರಲ್ಲಿ ಮಕ್ಕಳ ಜೊಲ್ಲು ಗ್ರಂಥಿಯ ಬಿಲ್ಲೆ ಎಷ್ಟಿದ್ರೂ ತೆಗೀರಿ. ಎಲ್ಲದರಿಂದಲೂ ಹೊಸದಾಗಿ ಸೀಳಿ, ಒಂದೇ ದಿನ ಬಣ್ಣ ಹಾಕಿ."

"ನಿಮ್ದೂ ಸೇರಿಸ್ಲಾ?" ಎಂದರು ಅಕ್ಕ.

"ಅದಿದೆ ಅಂತ ನಿಮಗೆ ಗೊತ್ತಾ?"

"ಆ ಸ್ಟೋರಿನ ಧೂಳು ಹೊಡೆಯೋಳು ಇನ್ಯಾರು? ಪ್ರತಿ ಸಲ ನಿಮ್ಮ ಹೆಸರು ಕಣ್ಣಿಗೆ ಬೀಳುತ್ತೆ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಪರೀಕ್ಷೆಯನ್ನು ನಾನೇ ಯೋಚಿಸಿದ್ದೆ. ಹೆಸರು ಮುಚ್ಚಿ ನೋಡುವುದು ನಮ್ಮಲ್ಲಿ ಇರುವ ಪದ್ಧತಿಯೇ, ಕಣ್ಣು ಸರಿ ಇದೆಯೋ ಇಲ್ಲವೋ ತಿಳಿಯಲು ವಿದ್ಯಾರ್ಥಿಗಳಿಗೆ ಮಾಡಿಸುತ್ತೇವೆ. ಎಲ್ಲ ಗಾಜುಗಳ ಹೆಸರಿನ ಮೇಲೂ ಅಕ್ಕ ಕಾಗದ ಅಂಟಿಸಬೇಕು. ಚೂರು ದೊಡ್ಡದೋ ಚಿಕ್ಕದೋ ತಿಳಿಯದಂತೆ ಉಳಿದ ಭಾಗವನ್ನೂ ಮುಚ್ಚಿ, ಒಂದೇ ಅಳತೆಯ ಕಿಂಡಿ ಬಿಡಬೇಕು. ಹುಡುಗಿಯ ಗಾಜೂ ಅವುಗಳ ನಡುವೆ ಇರುತ್ತದೆ, ಅದನ್ನು ನಾನು ಹೇಗೂ ಗುರುತು ಹಿಡಿಯುತ್ತೇನೆ, ಅಷ್ಟು ಸಲ ನೋಡಿದ್ದೇನೆ. ಪರೀಕ್ಷೆ ಇರುವುದು ಅವಳ ಗಾಜಿನದ್ದಲ್ಲ, ನನ್ನ ಗಾಜಿನದ್ದು. ಸರ್ಜನ್‌ಗೆ ಹೀಗೆಂದೆ:

"ನನ್ನ ಹಳೇ ರಿಪೋರ್ಟಲ್ಲಿ ಕ್ಯಾನ್ಸರ್ ಅಂತಿದೆ. ಅದು ತಪ್ಪು ಅಂತ ನಾನು ಇವತ್ತಿನವರೆಗೂ ನಂಬಿದ್ದೀನಿ. ನನ್ನದು ಯಾವುದು ಅಂತ ಗೊತ್ತಿಲ್ಲದೆ ನೋಡ್ತೀನಿ. ಎಲ್ಲದರಲ್ಲೂ ನನಗೆ ಸಾಧುವೇ ಕಂಡ್ರೆ ನನ್ನ ಕಣ್ಣು ಕೆಟ್ಟಿದೆ ಅಂತ. ಆಗ ಹುಡುಗಿ ವಿಷಯದಲ್ಲಿ ನನ್ನ ಮಾತು ವಾಪಸ್."

ನನ್ನ ಜೊತೆಯ ಡಾಕ್ಟರು ಅದೇ ಗಾಜುಗಳನ್ನು ಮುಂಚಿತವಾಗಿ ನೋಡಿ, ಪ್ರತಿಯೊಂದಕ್ಕೂ ತಮ್ಮ ತೀರ್ಪನ್ನು ಸರ್ಜನ್ ಕಿವಿಯಲ್ಲಿ ಹೇಳಿದ್ದರು. ಯಾವ ಗಾಜು ಯಾರದೆಂಬುದು ಅಕ್ಕನಿಗೂ ಸರ್ಜನ್‌ಗೂ ಮಾತ್ರ ಗೊತ್ತಿತ್ತು.

ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತೆವು. ಮಕ್ಕಳ ಗಡ್ಡೆಗಳು ಅಪರೂಪವಾದ್ದರಿಂದ ಇಷ್ಟು ವರ್ಷದ ಸ್ಟೋರಿನಲ್ಲಿ ಸಿಕ್ಕಿದ್ದೂ ಒಂದು ತಟ್ಟೆಗೆ ಆಗುವಷ್ಟೇ. ಅಕ್ಕ ಒಂದೊಂದನ್ನೇ ಇಡುತ್ತಿದ್ದರು, ನಾನು ಗಟ್ಟಿಯಾಗಿ ಹೇಳುತ್ತಿದ್ದೆ. ಮೊದಲನೆಯದು ರಕ್ತನಾಳಗಳ ಗೋಜಲು, ಎಳೆಮಕ್ಕಳಲ್ಲಿ ಬರುವಂಥದ್ದು, ಬೆಳೆದಂತೆ ತಾನಾಗಿ ಕರಗುತ್ತದೆ. ಸಾಧು. ಇನ್ನೊಂದರಲ್ಲಿ ನೀಲಿ ಲೋಳೆ, ಸುತ್ತ ಅಚ್ಚುಕಟ್ಟಾದ ಪೊರೆ. ಸಾಧು. ಆಮೇಲೆ ಹುಡುಗಿಯದು ಬಂತು. ಕಿಂಡಿಯಲ್ಲಿ ಆ ಸೀದಾ ಗೆರೆ ಕಂಡ ಕೂಡಲೇ ತಿಳಿಯಿತು. ಆದರೂ ಹೊಸಬಳಂತೆ ಉದ್ದಕ್ಕೂ ನೋಡಿ ಹೇಳಿದೆ: ಸಾಧು, ಸೂಜಿಯಿಂದ ಕೆಟ್ಟಂತೆ ಕಾಣುತ್ತಿದೆ. ಆಮೇಲೆ ಬಂದದ್ದೂ ಸಾಧು. ನನಗೇ ಕಸಿವಿಸಿಯಾಯಿತು. ನನ್ನ ಬಾಯಿಂದ ಬೇರೆ ಪದವೇ ಬರುತ್ತಿಲ್ಲವಲ್ಲ ಎನಿಸಿತು.

ಮುಂದಿನದನ್ನು ಅಕ್ಕ ಇಟ್ಟರು. ಕಣ್ಣಿಟ್ಟೆ.

"ಇದರಲ್ಲಿ ಯೋಚನೆ ಮಾಡೋಕೇನಿಲ್ಲ. ಕ್ಯಾನ್ಸರ್," ಎಂದೆ.

ನಿಜವಾಗಿಯೂ ಯೋಚಿಸಲು ಏನೂ ಇರಲಿಲ್ಲ. ಪೊರೆಯಿಲ್ಲ, ಎಲ್ಲೆಯಿಲ್ಲ, ಕೆಟ್ಟ ಜೀವಕೋಶಗಳು ಸಿಕ್ಕ ಸಂದಿಯಲ್ಲೆಲ್ಲ ನುಗ್ಗಿದ್ದವು. ಸೂಜಿಯ ಗುರುತಿಲ್ಲ, ತುಕ್ಕಿನ ಬಣ್ಣವಿಲ್ಲ. ಕಿಂಡಿಯ ನಡುವೆ ಒಂದು ನರ, ಅಡ್ಡಲಾಗಿ ಕತ್ತರಿಸಿದ್ದು. ಅವು ಅದರ ಸುತ್ತ ಬಳೆಯಂತೆ ಮುತ್ತಿ ಒಳಕ್ಕೂ ಇಳಿದಿದ್ದವು.

"ನರದ ಒಳಗೇ ಹೋಗಿದೆ ನೋಡಿ. ಯಾವ ಸರ್ಜನ್ ಆದ್ರೂ ಕತ್ತರಿಸಲೇಬೇಕಿತ್ತು. ಒಂದು ತಿಂಗಳು ತಡ ಮಾಡಿದ್ರೂ ಕೈಮೀರಿ ಹೋಗ್ತಿತ್ತು." ಪಾಠ ಹೇಳುವ ದನಿಯಲ್ಲೇ ಹೇಳುತ್ತಿದ್ದೆ. ಕೊನೆಗೆ, "ಪಾಪ, ಯಾರ ಮಗುವೋ," ಎಂದೂ ಸೇರಿಸಿದೆ.

ಕಣ್ಣೆತ್ತಿದರೆ ಸರ್ಜನ್ ನೆಲ ನೋಡುತ್ತಿದ್ದರು. ಅಕ್ಕ ಮುಂದಿನ ಗಾಜನ್ನು ಕೈಯಲ್ಲಿ ಹಿಡಿದವರು ಅದನ್ನು ತಟ್ಟೆಗೇ ವಾಪಸ್ಸಿಟ್ಟರು.

"ಇನ್ನೊಂದ್ಸಲ ನೋಡ್ತೀರಾ ಮೇಡಂ?" ಎಂದರು. ಇಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ನಾನೇ ಉಗುರಿನಿಂದ ಕಾಗದ ಕಿತ್ತೆ. ನನ್ನ ಹೆಸರಿತ್ತು.

ಆಗ ನನಗೆ ಏನನ್ನಿಸಿತು ಎಂದು ಕೇಳಿದರೆ, ಮೊದಲು ಅನ್ನಿಸಿದ್ದು ನಾಚಿಕೆಯಿಲ್ಲದ ಸಂತೋಷ. ನನ್ನ ಕಣ್ಣು ನನಗೂ ಮುಲಾಜು ತೋರಿಸಿರಲಿಲ್ಲ. ಹುಡುಗಿಯ ಮುಖ ಉಳಿಯಿತು. ಸರ್ಜನ್ ಎದ್ದು ಬಂದು, "ನರ ಬಿಡಿಸ್ಕೊಳ್ತೀನಿ ಮೇಡಂ. ನಿಮ್ಮ ಮಾತಿನ ಮೇಲೆ," ಎಂದರು. ಜೊತೆಯವರನ್ನು ಕರೆದು ಗೆರೆಯನ್ನು ಇನ್ನೊಮ್ಮೆ ತೋರಿಸಿದೆ. "ರೋಗ ಹೀಗೆ ಸ್ಕೇಲ್ ಇಟ್ಟು ಗೆರೆ ಎಳೆಯಲ್ಲ," ಎಂದೆ. ಅವರು ಬಹಳ ಹೊತ್ತು ನೋಡಿ, ಕನ್ನಡಕ ಒರೆಸಿಕೊಂಡು, ತಲೆಯಾಡಿಸಿದರು.

ಎಲ್ಲರೂ ಹೋದ ಮೇಲೆ ಆ ಗಾಜಿನ ಮುಂದೆ ಒಬ್ಬಳೇ ಕೂತೆ. ಆ ನರವನ್ನು ಮತ್ತೆ ನೋಡಿದೆ. ನನ್ನ ಅರ್ಧ ನಗು ಅಲ್ಲಿತ್ತು, ಮುಕ್ಕಾಲು ಪಾಲು ತಿಂದುಹೋಗಿತ್ತು. ಯಾರೂ ಅದನ್ನು ನನ್ನಿಂದ ಕಿತ್ತುಕೊಂಡಿರಲಿಲ್ಲ. ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ಸಿಟ್ಟಿದ್ದಾಗ ಜೊತೆಗೆ ಯಾರೋ ಇದ್ದಂತಿತ್ತು. ಅದೂ ಹೋಗಿ ಕೋಣೆ ಬಿಕೋ ಎಂದಿತು. ಅತ್ತೆ. ಬಲಗಣ್ಣು ಅಳುತ್ತದೆ, ಎಡಗಣ್ಣು ಸುಮ್ಮನೆ ಸೋರುತ್ತದೆ.

ಹುಡುಗಿಯ ಆಪರೇಷನ್ ಆಯಿತು. ಗಡ್ಡೆ ಇಡಿಯಾಗಿ ಡಬ್ಬಿಯಲ್ಲಿ ಕೆಳಗಿಳಿದು ಬಂತು. ಈ ಸಲ ಬೇಕಾದಷ್ಟು ಚೂರು, ಅನುಮಾನಕ್ಕೆ ಜಾಗವೇ ಇಲ್ಲ. ಸುತ್ತಲೂ ಪೂರ್ತಿ ಪೊರೆ, ಒಳಗೆಲ್ಲ ನೀಲಿ ಲೋಳೆ, ನಡುವೆ ನನ್ನ ಸೂಜಿ ಕೊಂದ ಒಂದು ಭಾಗ. ಸಾಧು ಗಡ್ಡೆ. ಈ ಸಲ ಯಾವ ಗೋಡೆಯ ಮೇಲೂ ದೀಪ ಇಡದೆ ಒಂದೇ ಸಾಲಿನಲ್ಲಿ ಬರೆದು ಸಹಿ ಹಾಕಿದೆ.

ಆಮೇಲೆ, ಯಾವತ್ತೂ ಹೋಗದ ನಾನು, ಮೇಲಿನ ಮಹಡಿಗೆ ಹೋದೆ. ವಾರ್ಡಿನ ಬಾಗಿಲಲ್ಲಿ ನಿಂತೆ. ಮಾತಿನಮಲ್ಲಿಯ ತಲೆಗೆ ಬಟ್ಟೆ ಕಟ್ಟಿದ್ದರೂ ಬಾಯಿಗೆ ಕಟ್ಟಿರಲಿಲ್ಲ, ಪಕ್ಕದ ಹಾಸಿಗೆಯವರ ತಲೆ ತಿನ್ನುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ತುಟಿಯ ಎಡತುದಿ ಸ್ವಲ್ಪ ಸೋಮಾರಿಯಾಗಿತ್ತು. ಕೆಲವು ವಾರಕ್ಕೆ ಸರಿಹೋಗುವಂಥದ್ದು.

"ಆಂಟಿ, ನಂದು ತೆಗೀಲಿಲ್ಲ!" ಎಂದು ಕೂಗಿದಳು.

ಡ್ರೈವರ್ ಎದ್ದು ನಿಂತ. ನಾನು ಯಾರು, ಏನು ಮಾಡಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಸೂಜಿ ಚುಚ್ಚಿದವಳು ಎಂದಷ್ಟೇ ನೆನಪು. ಅವಳ ಮುಂದೆ ನಿಂತು ನಾನೂ ನಕ್ಕೆ, ಅರ್ಧ. ಅವಳಿಗೆ ಅದು ಸಾಕಾಯಿತು.

ಅಲ್ಲಿಂದ ಲ್ಯಾಬಿಗೆ ಇಳಿಯಲಿಲ್ಲ. ಬಸ್ ಹತ್ತಿ ಅಪ್ಪನ ಕೋಣೆಗೆ ಹೋದೆ.

ಕೆಳಗಿನ ಅಂಗಡಿಯಲ್ಲಿ ಈಗ ಬೇರೆ ಯಾರೋ ಮೊಬೈಲ್ ಮಾರುತ್ತಾರೆ. ಮೇಲೆ ಅಪ್ಪ ಬನಿಯನ್ ಒಗೆದು ಕಿಟಕಿಯ ಸರಳಿಗೆ ಹಾಕುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾದರು.

"ಇವತ್ತು ಭಾನುವಾರ ಅಲ್ವಲ್ಲ."

"ಅಲ್ಲ ಅಪ್ಪ, ಕೂತ್ಕೊಳ್ಳಿ."

ಅವರು ಮಂಚದ ಅಂಚಿನಲ್ಲಿ ಕೂತರು. ನಾನು ನಿಂತೇ ಹೇಳಿದೆ. ಹುಡುಗಿಯ ಬಗ್ಗೆ, ಹೆಸರು ಮುಚ್ಚಿದ ಗಾಜುಗಳ ಬಗ್ಗೆ, ಎಲ್ಲವನ್ನೂ. "ನನ್ನದು ಕ್ಯಾನ್ಸರೇ ಆಗಿತ್ತು ಅಪ್ಪ. ನರದೊಳಗೆ ಹೋಗಿತ್ತು. ನೀವು ಅವತ್ತೇ ಸಹಿ ಹಾಕದೇ ಇದ್ದಿದ್ರೆ ನಾನು ಇರ್ತಿರಲಿಲ್ಲ."

"ಹೌದಾ," ಎಂದರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. "ನಿಮ್ಮಮ್ಮಂಗೆ ಹೇಳ್ಬೇಕಿತ್ತು," ಎಂದರು.

"ಅಮ್ಮ ಇಲ್ವಲ್ಲ ಅಪ್ಪ."

"ಗೊತ್ತು."

ಕೆಳಗೆ ಬಸ್ಸು ಹಾದುಹೋಯಿತು, ಕಿಟಕಿ ಗಡಗಡ ಎಂದಿತು.

"ಆ ಮಗುವಿನ ಅಪ್ಪನೂ ಸಹಿ ಹಾಕಿರ್ಬೇಕಲ್ಲ?" ಎಂದು ಕೇಳಿದರು.

"ಹಾಕಿರ್ತಾರೆ."

"ಕೈ ನಡುಗ್ತಾ ಅವನಿಗೆ?"

"ನಾನು ನೋಡ್ಲಿಲ್ಲ."

"ನನಗೆ ನಡುಗಲಿಲ್ಲ," ಎಂದರು ಅಪ್ಪ. "ದಿನವಿಡೀ ಸಾಸಿವೆಗಿಂತ ಸಣ್ಣ ಸ್ಕ್ರೂ ಹಿಡಿಯೋ ಕೈ. ನಿಮ್ಮಮ್ಮ ಪಕ್ಕದಲ್ಲೇ ನಿಂತು ಕೈ ನೋಡ್ತಿದ್ಲು. ಸಹಿ ಹಾಕಿದ್ದಕ್ಕಲ್ಲ ಕಣಮ್ಮ ಅವಳು ಮಾತು ಬಿಟ್ಟಿದ್ದು. ಮಗಳ ಮುಖ ಕೊಯ್ಯಿ ಅಂತ ಬರೆದುಕೊಡೋವಾಗ್ಲೂ ಈ ಮನುಷ್ಯಂಗೆ ಕೈ ನಡುಗಲಿಲ್ವಲ್ಲ ಅಂತ. ಒಂದೇ ಸಲ ಕೇಳಿದ್ಲು, ಮನೆಗೆ ಬಂದ ದಿನ. ನಾನು ಉತ್ತರ ಕೊಡ್ಲಿಲ್ಲ."

"ಯಾಕೆ ಕೊಡ್ಲಿಲ್ಲ?"

"ಏನಂತ ಕೊಡ್ಲಿ? ನಡುಗೋಕೆ ಬಿಟ್ಟಿದ್ರೆ ಸಹಿ ಆಗ್ತಿರಲಿಲ್ಲ, ಅದಕ್ಕೇ ಹಲ್ಲು ಕಚ್ಚಿ ಹಿಡ್ಕೊಂಡಿದ್ದೆ ಅಂತಾನಾ? ಅದನ್ನೆಲ್ಲ ಹೇಳ್ಬೇಕಾ ಹೆಂಡತಿಗೆ? ಗೊತ್ತಾಗುತ್ತೆ ಅಂದ್ಕೊಂಡಿದ್ದೆ."

ಈ ಕೋಣೆಯಲ್ಲಿ ಅವರು ಅದನ್ನು ಎಷ್ಟು ಸಲ ತಮಗೆ ತಾವೇ ಹೇಳಿಕೊಂಡಿರಬಹುದೋ. ನಾನು ಅವರ ಪಕ್ಕ ಕೂತೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದರೆ ಕ್ಷಮಿಸಿ ಎಂಬ ಪದ ಬರಲಿಲ್ಲ, "ಔಷಧಿ ತಗೊಂಡ್ರಾ?" ಎಂದು ಬಂತು.

"ತಗೊಂಡೆ," ಎಂದರು.